ಮಾನವ ವಿಕಾಸದ ವಿವಾದಿತ ವಾದಗಳು: ಎರಡರಲ್ಲಿ ಯಾವುದನ್ನು, ಎಷ್ಟರಮಟ್ಟಿಗೆ ನಂಬಬಹುದು?

1925ರಲ್ಲಿ ಮನುಷ್ಯನ ಮೂಲದ ಬಗ್ಗೆ ತಿಳಿಯಬಯಸಿದ ಓದುಗರ ಮುಂದೆ ಎರಡು ತಲೆಬುರುಡೆಗಳಿದ್ದವು. ಮೊದಲನೆಯದು ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ಜಲ್ಲಿಕಲ್ಲಿನ ಪದರದಲ್ಲಿ ಸಿಕ್ಕಿತೆಂದು ಚಾರ್ಲ್ಸ್ ಡಾಸನ್ ಮತ್ತು ಆರ್ಥರ್ ಸ್ಮಿತ್ ವುಡ್‌ವರ್ಡ್ 1912ರ ಡಿಸೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದಿಟ್ಟದ್ದು. ಅದರ ಮಿದುಳಿನ ಗೂಡು ಮನುಷ್ಯನದರಂತೆ ದೊಡ್ಡದು, ದವಡೆ ವಾನರನದರಂತೆ. ಎರಡನೆಯದು ದಕ್ಷಿಣ ಆಫ್ರಿಕಾದ ಟೌಂಗ್‌ನ ಸುಣ್ಣಕಲ್ಲಿನ ಗಣಿಯಿಂದ 1924ರಲ್ಲಿ ಹೊರಬಂದ ಒಂದು ಮಗುವಿನ ಬುರುಡೆ. ಇದರ ಮಿದುಳು ವಾನರನದರಷ್ಟು ಚಿಕ್ಕದು, ಆದರೆ ಕೋರೆಹಲ್ಲುಗಳು ಸಣ್ಣವು, ಬೆನ್ನುಹುರಿ ಬುರುಡೆಯನ್ನು ಸೇರುವ ರಂಧ್ರವು ತಲೆಯ ಹಿಂದಕ್ಕಿರದೆ ತಳಕ್ಕೆ, ಮುಂದಕ್ಕೆ ಸರಿದಿತ್ತು. ಹಾಗಿದ್ದರೆ ಈ ಜೀವಿ ನೆಟ್ಟಗೆ ನಡೆಯುತ್ತಿದ್ದಿರಬೇಕು ಎಂದು ರೇಮಂಡ್ ಡಾರ್ಟ್ 1925ರ ಫೆಬ್ರವರಿಯಲ್ಲಿ ಬರೆದರು. ಮೊದಲು ಬೆಳೆದದ್ದು ಮಿದುಳು ಎಂದು ಒಂದು ಬುರುಡೆ ಹೇಳುತ್ತಿತ್ತು, ಮೊದಲು ಬಂದದ್ದು ನಡಿಗೆ ಎಂದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗುವುದು ಕಷ್ಟವಿತ್ತು.

ಆಗಿನ ಬ್ರಿಟನ್ನಿನ ಹೆಸರಾಂತ ಅಂಗರಚನಾಶಾಸ್ತ್ರಜ್ಞರು ಬಹುಮಟ್ಟಿಗೆ ಪಿಲ್ಟ್‌ಡೌನ್ ಪರವಾಗಿ ನಿಂತರು. ಮೂಳೆಗಳು ಮಣ್ಣಿನ ನೀರಿನಿಂದ ಎಷ್ಟು ಫ್ಲೋರಿನ್ ಹೀರಿಕೊಂಡಿವೆ ಎಂಬುದನ್ನು ಕೆನೆತ್ ಓಕ್ಲಿ 1949ರಲ್ಲಿ ಅಳೆದಾಗ ಅವು ಹೇಳಿದಷ್ಟು ಹಳೆಯವಲ್ಲವೆಂದು ಕಂಡಿತು. 1953ರಲ್ಲಿ ಓಕ್ಲಿ, ಜೋಸೆಫ್ ವೈನರ್ ಮತ್ತು ಲ ಗ್ರೋ ಕ್ಲಾರ್ಕ್ ಸೇರಿ, ಬುರುಡೆ ಮನುಷ್ಯನದೆಂದೂ ದವಡೆ ಇಂದಿನ ವಾನರನದೆಂದೂ, ಹಲ್ಲುಗಳನ್ನು ಅರದಿಂದ ಉಜ್ಜಿ, ಮೂಳೆಗಳಿಗೆ ಬಣ್ಣ ಹಚ್ಚಿ ಹಳೆಯದೆಂಬಂತೆ ತೋರಿಸಲಾಗಿದೆಯೆಂದೂ ಸಾಬೀತುಪಡಿಸಿದರು. ದವಡೆ ಒರಾಂಗುಟಾನ್‌ನದು. ನಲವತ್ತು ವರ್ಷಗಳ ಕಾಲ ಒಂದು ವಂಚನೆ ವಿಜ್ಞಾನದ ಮನೆಯಲ್ಲಿ ಗೌರವದ ಜಾಗದಲ್ಲಿ ಕುಳಿತಿತ್ತು.

ಪರಿಣತರಲ್ಲದ ಓದುಗರಿಗೆ 1925ರಲ್ಲೇ ಇವೆರಡರ ನಡುವೆ ವ್ಯತ್ಯಾಸ ಕಾಣಬಹುದಿತ್ತೇ? ಯಾವುದು ಸತ್ಯವೆಂದು ತೀರ್ಮಾನಿಸುವುದು ಅವರಿಂದ ಆಗುತ್ತಿರಲಿಲ್ಲ; ಆದರೆ ಯಾವ ವಾದ ಪರೀಕ್ಷೆಗೆ ಮೈಯೊಡ್ಡಿದೆ, ಯಾವುದು ಒಡ್ಡಿಲ್ಲ ಎಂಬುದು ಕಾಣುತ್ತಿತ್ತು. ಪಿಲ್ಟ್‌ಡೌನ್‌ನ ತುಣುಕುಗಳ ಪತ್ತೆಯೆಲ್ಲ ಡಾಸನ್ ಅವರ ಸುತ್ತಲೇ ನಡೆದಿತ್ತು. 1916ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿ ಮತ್ತೇನೂ ಸಿಗಲಿಲ್ಲ. ಹೊರಗಿನ ಸಂಶೋಧಕರಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದದ್ದು ಮೂಲ ಮೂಳೆಗಳಲ್ಲ, ಅಚ್ಚುಗಳು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಹೇಳುತ್ತಿದ್ದದ್ದು ಆ ಕಾಲದ ವಿದ್ವಾಂಸರು ಮೊದಲೇ ನಂಬಿದ್ದ ಮಾತನ್ನೇ; ಮನುಷ್ಯನ ಹಿರಿಮೆ ಅವನ ಮಿದುಳಿನಲ್ಲಿದೆಯೆಂದೂ ಆದ್ದರಿಂದ ಅದೇ ಮೊದಲು ಬೆಳೆದಿರಬೇಕೆಂದೂ ಅವರು ಎಣಿಸಿದ್ದರು. ನಮಗೆ ಪ್ರಿಯವಾದುದನ್ನೇ ಹೇಳುವ ಸಾಕ್ಷ್ಯದ ಬಗ್ಗೆ ಇಮ್ಮಡಿ ಎಚ್ಚರ ಬೇಕು ಎಂದು ನಾನು ಕಲಿತದ್ದು ಈ ಪ್ರಸಂಗದಿಂದ.

ಟೌಂಗ್ ಬುರುಡೆಯ ವಿರುದ್ಧ ಬಂದ ಆಕ್ಷೇಪ ಕ್ಷುಲ್ಲಕವಾದದ್ದೇನಲ್ಲ. ವಾನರಗಳ ಮರಿಗಳು ದೊಡ್ಡ ವಾನರಗಳಿಗಿಂತ ಹೆಚ್ಚು ಮನುಷ್ಯರಂತೆ ಕಾಣುತ್ತವೆ. ಆದ್ದರಿಂದ ಒಂದು ಮಗುವಿನ ಬುರುಡೆಯನ್ನು ನೋಡಿ ಪೂರ್ವಜನೆನ್ನುವುದು ಅವಸರವಾಗುತ್ತದೆ ಎಂಬ ಮಾತು ನ್ಯಾಯವಾಗಿಯೇ ಇತ್ತು. ಆದರೆ ಆ ಆಕ್ಷೇಪಕ್ಕೆ ಉತ್ತರವೆಲ್ಲಿದೆ ಎಂಬುದು ಸ್ಪಷ್ಟವಿತ್ತು: ಬೆಳೆದ ಜೀವಿಯ ಬುರುಡೆಯಲ್ಲಿ, ಸೊಂಟದ ಮೂಳೆಯಲ್ಲಿ. ರಾಬರ್ಟ್ ಬ್ರೂಮ್ 1936ರಲ್ಲಿ ಸ್ಟರ್ಕ್‌ಫೊಂಟೈನ್ ಗವಿಗಳಲ್ಲಿ ಮೊದಲ ವಯಸ್ಕ ಬುರುಡೆಯನ್ನು ಪಡೆದರು; 1947ರಲ್ಲಿ ಇನ್ನಷ್ಟು ಪೂರ್ಣವಾದ ಬುರುಡೆಯೂ ನೆಟ್ಟಗೆ ನಡೆಯುವ ಜೀವಿಯ ಸೊಂಟದ ಮೂಳೆಯೂ ಸಿಕ್ಕವು. ಬೇರೊಬ್ಬರ ಕೈಯಲ್ಲಿ, ಬೇರೊಂದು ಜಾಗದಲ್ಲಿ ಸಿಕ್ಕವು ಎಂಬುದೇ ಇಲ್ಲಿ ದೊಡ್ಡ ವಿಷಯ. ಡಾರ್ಟ್ ಅವರ ಕಟು ವಿಮರ್ಶಕರಾಗಿದ್ದ ಆರ್ಥರ್ ಕೀತ್ ಅದೇ ವರ್ಷ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಡಾರ್ಟ್ ಅವರ ಗೆಲುವನ್ನು ಕಂಡು ‘ಒಂಟಿಯಾಗಿ ನಿಂತವರೇ ಸರಿ’ ಎಂಬ ತೀರ್ಮಾನಕ್ಕೆ ಬರುವವರು ಬಹಳ. ಅದಕ್ಕೆ ಉತ್ತರ ಡಾರ್ಟ್ ಅವರ ಬದುಕಿನಲ್ಲೇ ಇದೆ. ನಮ್ಮ ಪೂರ್ವಜರು ಕ್ರೂರ ಬೇಟೆಗಾರರಾಗಿದ್ದರು, ಮೂಳೆ ಕೊಂಬುಗಳನ್ನೇ ಆಯುಧ ಮಾಡಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು ಎಂಬ ವಾದವನ್ನು ಅವರು 1950ರ ದಶಕದಲ್ಲಿ ಮುಂದಿಟ್ಟರು. ಗವಿಗಳಲ್ಲಿ ರಾಶಿಬಿದ್ದ ಮುರಿದ ಮೂಳೆಗಳೇ ಅವರ ಸಾಕ್ಷಿ. ಸಿ. ಕೆ. ಬ್ರೈನ್ ಎಂಬ ಸಂಶೋಧಕರು ಅದೇ ಬಗೆಯ ಮೂಳೆಗಳ ಮುಂದೆ ಬೇರೊಂದು ಪ್ರಶ್ನೆಯೊಂದಿಗೆ ಕುಳಿತರು: ಚಿರತೆ, ಕತ್ತೆಕಿರುಬಗಳು ತಿಂದು ಬಿಟ್ಟ ಮೂಳೆಗಳು ಹೇಗಿರುತ್ತವೆ? ಸ್ವಾರ್ಟ್‌ಕ್ರಾನ್ಸ್ ಗವಿಯಲ್ಲಿ ಸಿಕ್ಕ ಎಳೆಯ ಜೀವಿಯೊಂದರ ಬುರುಡೆಯಲ್ಲಿದ್ದ ಎರಡು ತೂತುಗಳ ನಡುವಿನ ಅಂತರವು ಚಿರತೆಯ ಕೆಳದವಡೆಯ ಕೋರೆಹಲ್ಲುಗಳ ಅಂತರಕ್ಕೆ ಸರಿಹೊಂದಿತು. ಬೇಟೆಗಾರರೆಂದುಕೊಂಡವರು ಬೇಟೆಯಾಗಿದ್ದರು. ಒಬ್ಬರೇ ವ್ಯಕ್ತಿ, ಒಂದು ವಾದ ಗಟ್ಟಿ, ಇನ್ನೊಂದು ಟೊಳ್ಳು. ಹಾಗಾಗಿ ತೂಗಬೇಕಾದದ್ದು ಹೇಳಿದವರನ್ನಲ್ಲ, ಹೇಳಿಕೆಯನ್ನು. ಬ್ರೈನ್ ಮಾಡಿದ ಕೆಲಸ ಓದುಗರಿಗೂ ಮಾದರಿ: ಯಾವುದೇ ವಾದ ಎದುರಾದಾಗ, ಇದೇ ಸಾಕ್ಷ್ಯವನ್ನು ಉಂಟುಮಾಡಬಲ್ಲ ಸಾಮಾನ್ಯ ಕಾರಣ ಬೇರೇನಿದೆ, ಅದನ್ನು ತಳ್ಳಿಹಾಕಲು ವಾದಿಗಳು ಏನು ಮಾಡಿದ್ದಾರೆ ಎಂದು ಮೊದಲು ಕೇಳಬೇಕು.

ಎರಡು ಅಮೆರಿಕನ್ ತಾಣಗಳು

ಈ ಪ್ರಶ್ನೆ ಎಷ್ಟು ಉಪಯುಕ್ತವೆಂಬುದು ಅಮೆರಿಕಕ್ಕೆ ಮನುಷ್ಯರು ಬಂದ ಕಾಲದ ಚರ್ಚೆಯಲ್ಲಿ ಚೆನ್ನಾಗಿ ಕಾಣುತ್ತದೆ. ಉತ್ತರ ಅಮೆರಿಕದಲ್ಲಿ ಸುಮಾರು 13,000 ವರ್ಷಗಳ ಹಿಂದೆ ಬದುಕಿದ್ದ ಕ್ಲೋವಿಸ್ ಎಂಬ ಬೇಟೆಗಾರ ಜನರೇ ಮೊದಲಿಗರೆಂಬ ನಂಬಿಕೆ ಬಹುಕಾಲ ಗಟ್ಟಿಯಾಗಿತ್ತು. ಚಿಲಿಯ ಮೊಂಟೆ ವರ್ದೆಯ ಸುಮಾರು 14,500 ವರ್ಷಗಳ ಹಿಂದಿನ ನೆಲೆಯನ್ನು 1997ರಲ್ಲಿ ಪರಿಣತರ ತಂಡವೊಂದು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಮೇಲೆ ಅದು ಸಡಿಲವಾಯಿತು. ಆಮೇಲೆ ಎರಡು ದಿಟ್ಟ ಹೇಳಿಕೆಗಳು ಬಂದವು.

2017ರದ್ದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಬಳಿಯ ಸೆರುಟಿ ತಾಣದ ಬಗ್ಗೆ. ರಸ್ತೆ ಕಾಮಗಾರಿಯ ವೇಳೆ 1992ರಲ್ಲಿ ಬೆಳಕಿಗೆ ಬಂದ, ಆನೆಯ ದೂರದ ನೆಂಟನಾದ ಮಾಸ್ಟಡಾನ್‌ನ ಮೂಳೆಗಳು 1,30,000 ವರ್ಷ ಹಳೆಯವೆಂದೂ, ಅವನ್ನು ಮನುಷ್ಯಕುಲದ ಯಾರೋ ಕಲ್ಲಿನಿಂದ ಒಡೆದಿದ್ದಾರೆಂದೂ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲೇ ಪ್ರಕಟವಾಯಿತು. ಇನ್ನೊಂದು 2021ರದ್ದು: ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಒಣಗಿದ ಕೆರೆಯಂಗಳದಲ್ಲಿ ಮೂಡಿರುವ ಮನುಷ್ಯರ ಹೆಜ್ಜೆಗುರುತುಗಳು 21,000ದಿಂದ 23,000 ವರ್ಷಗಳಷ್ಟು ಹಳೆಯವು ಎಂಬುದು. ಎರಡೂ ಒಪ್ಪಿತ ಕಾಲಗಣನೆಯನ್ನು ಕದಲಿಸುವಂಥವು, ಎರಡೂ ಹೆಸರಾಂತ ಪತ್ರಿಕೆಗಳಲ್ಲಿ ಬಂದವು, ಎರಡಕ್ಕೂ ತೀವ್ರ ವಿರೋಧವೂ ಬಂತು. ಮೇಲ್ನೋಟಕ್ಕೆ ಆರಿಸಿಕೊಳ್ಳಲು ಏನೂ ಇಲ್ಲ.

ಹೇಳಿಕೆಯನ್ನು ಬಿಡಿಸಿ ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ. ಇಂಥ ಯಾವುದೇ ಹೇಳಿಕೆಯಲ್ಲಿ ಎರಡು ಕೊಂಡಿಗಳಿರುತ್ತವೆ: ವಸ್ತುವಿನ ಕಾಲ ಒಂದು, ಅದು ಮನುಷ್ಯರ ಕೆಲಸ ಎಂಬುದು ಇನ್ನೊಂದು. ಸೆರುಟಿಯಲ್ಲಿ ಮೂಳೆಯ ವಯಸ್ಸು ಸರಿಯೆಂದು ಒಪ್ಪಿಕೊಂಡರೂ ಎರಡನೆಯ ಕೊಂಡಿ ದುರ್ಬಲ. ಮನುಷ್ಯರ ಮೂಳೆಯಿಲ್ಲ, ಕೆತ್ತಿ ರೂಪಿಸಿದ ಕಲ್ಲಿನ ಆಯುಧಗಳಿಲ್ಲ, ಆ ಭೂಭಾಗದಲ್ಲಿ ಅದಕ್ಕೆ ಸಮಕಾಲೀನವಾದ ಬೇರೆ ನೆಲೆಯಿಲ್ಲ. ಕಾಮಗಾರಿಯ ಭಾರೀ ಯಂತ್ರಗಳ ಒತ್ತಡದಿಂದಲೂ ಮೂಳೆಗಳು ಹಾಗೆ ಒಡೆಯಬಹುದೆಂಬ ಆಕ್ಷೇಪ ಹಾಗೇ ಉಳಿದಿದೆ. ವೈಟ್ ಸ್ಯಾಂಡ್ಸ್‌ನಲ್ಲಿ ಎರಡನೆಯ ಕೊಂಡಿ ಕಬ್ಬಿಣದಂತಿದೆ, ಏಕೆಂದರೆ ಬೆರಳು, ಹಿಮ್ಮಡಿಗಳ ಅಚ್ಚನ್ನು ಮನುಷ್ಯರಲ್ಲದೆ ಬೇರಾರೂ ಮೂಡಿಸಲಾರರು. ಅಲ್ಲಿ ಸಂಶಯವಿದ್ದದ್ದು ಕಾಲದ ಬಗ್ಗೆ: ಇಂಗಾಲದ ಪರೀಕ್ಷೆಗೆ ಬಳಸಿದ್ದು ನೀರಿನೊಳಗೆ ಬೆಳೆಯುವ ಗಿಡದ ಬೀಜಗಳು, ಅಂಥ ಗಿಡಗಳು ನೀರಿನಲ್ಲಿ ಕರಗಿದ ಹಳೆಯ ಇಂಗಾಲವನ್ನು ಹೀರಿ ತಮ್ಮ ನಿಜವಾದ ವಯಸ್ಸಿಗಿಂತ ಹಳೆಯವಾಗಿ ಕಾಣಬಹುದು. ಇದು ಸರಿಯಾದ ಆಕ್ಷೇಪ. ಸಂಶೋಧಕರು ಅದನ್ನು ಪಕ್ಕಕ್ಕೆ ತಳ್ಳದೆ, ನೆಲದ ಮೇಲೆ ಬೆಳೆಯುವ ಮರಗಳ ಪರಾಗವನ್ನೂ ಬೆಣಚುಕಲ್ಲಿನ ಕಣಗಳು ಕೊನೆಯ ಬಾರಿ ಬೆಳಕು ಕಂಡ ಕಾಲವನ್ನೂ ಬೇರೆಬೇರೆಯಾಗಿ ಅಳೆದು 2023ರಲ್ಲಿ ಪ್ರಕಟಿಸಿದರು. ಒಂದೇ ಬಗೆಯ ತಪ್ಪು ತಟ್ಟದ ಮೂರು ವಿಧಾನಗಳು ಒಂದೇ ಕಾಲದತ್ತ ಬೆರಳು ತೋರಿದವು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದರೆ ನಾನು ಹಿಂಜರಿಯದೆ ವೈಟ್ ಸ್ಯಾಂಡ್ಸ್ ಕಡೆ ನಿಲ್ಲುತ್ತೇನೆ. ಸೆರುಟಿಯನ್ನು ಸುಳ್ಳೆಂದು ಕರೆಯುವುದಿಲ್ಲ, ಆದರೆ ಅದರ ಮೇಲೆ ಏನನ್ನೂ ಕಟ್ಟುವುದಿಲ್ಲ.

ಫ್ಲೋರೆಸ್‌ನ ಕುಳ್ಳರು

ಇಂಡೊನೇಷ್ಯದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗವಿಯಲ್ಲಿ 2003ರಲ್ಲಿ ಸಿಕ್ಕ ಅಸ್ಥಿಪಂಜರ ಸುಮಾರು ಒಂದು ಮೀಟರ್ ಎತ್ತರದ್ದು, ಅದರ ಮಿದುಳು ಸುಮಾರು 400 ಘನ ಸೆಂಟಿಮೀಟರ್, ಅಂದರೆ ಚಿಂಪಾಂಜಿಯದಷ್ಟು. ಅದನ್ನು ಕಂಡವರು ಹೋಮೋ ಫ್ಲೋರೆಸಿಯೆನ್ಸಿಸ್ ಎಂಬ ಹೊಸ ಪ್ರಭೇದವೆಂದು 2004ರಲ್ಲಿ ಸಾರಿದರೆ, ಬೇರೆ ಕೆಲವು ಪರಿಣತರು ಇದು ಮಿದುಳು ಬೆಳೆಯದ ಕಾಯಿಲೆಯಿದ್ದ ನಮ್ಮಂಥದೇ ಮನುಷ್ಯ ಎಂದರು. ಎರಡೂ ಕಡೆ ಓದಿದವರೇ ಇದ್ದರು, ಆದ್ದರಿಂದ ಬಿರುದುಗಳನ್ನು ಎಣಿಸಿ ಪ್ರಯೋಜನವಿರಲಿಲ್ಲ.

ಕಾಯಿಲೆಯ ವಾದ ಸರಿಯಾಗಿದ್ದರೆ ಏನು ಕಾಣಬೇಕು? ಒಬ್ಬ ರೋಗಿ, ಅವನ ಸುತ್ತ ಸಾಮಾನ್ಯ ದೇಹದ ಜನ. ಹೊಸ ಪ್ರಭೇದವಾಗಿದ್ದರೆ? ಅದೇ ಅಳತೆಯ ಹಲವರು, ಅವರಿಗಿಂತ ಹಿಂದೆ ಅದೇ ದ್ವೀಪದಲ್ಲಿ ಅವರ ಪೂರ್ವಜರು, ಕಾಯಿಲೆಯಿಂದ ಬದಲಾಗದ ಅಂಗಗಳಲ್ಲೂ ಪುರಾತನ ಲಕ್ಷಣ. ಗವಿಯಲ್ಲಿ ಚಿಕ್ಕ ದೇಹದ ಇತರರ ಮೂಳೆಗಳೂ ಸಿಕ್ಕವು. ಮಣಿಕಟ್ಟಿನ ಮೂಳೆಗಳ ಆಕಾರ ಆಧುನಿಕ ಮನುಷ್ಯರದಲ್ಲವೆಂದು 2007ರ ಅಧ್ಯಯನ ತೋರಿಸಿತು. ಮಣಿಕಟ್ಟಿನ ಆಕಾರ ಗರ್ಭದಲ್ಲಿ ಬಹಳ ಬೇಗ ನಿರ್ಧಾರವಾಗುವುದರಿಂದ ಅದನ್ನು ಕಾಯಿಲೆಯ ತಲೆಗೆ ಕಟ್ಟುವುದು ಕಷ್ಟ. 2016ರಲ್ಲಿ ಅದೇ ದ್ವೀಪದ ಮಾತಾ ಮೆಂಗೆಯಿಂದ ಸುಮಾರು 7 ಲಕ್ಷ ವರ್ಷ ಹಳೆಯ, ಅಷ್ಟೇ ಚಿಕ್ಕದಾದ ದವಡೆ ಮತ್ತು ಹಲ್ಲುಗಳ ವರದಿ ಬಂತು. ಪ್ರಭೇದದ ವಾದ ತನ್ನನ್ನು ಸೋಲಿಸಬಹುದಾಗಿದ್ದ ಪ್ರತಿಯೊಂದು ತಿರುವಿನಲ್ಲೂ ನಿಂತಿತು, ಕಾಯಿಲೆಯ ವಾದವಾದರೋ ಪ್ರತಿ ತಿರುವಿನಲ್ಲೂ ಹೊಸ ವಿವರಣೆ ಹುಡುಕಬೇಕಾಯಿತು.

ಇಲ್ಲಿ ಒಂದು ತೊಡಕನ್ನು ಮರೆಮಾಚಬಾರದು. ಈ ಜನ ಸುಮಾರು 18,000 ವರ್ಷಗಳ ಹಿಂದೆಯೂ ಬದುಕಿದ್ದರೆಂದು ಮೊದಲು ಹೇಳಿದ್ದು ತಪ್ಪಾಗಿತ್ತು. ಗವಿಯ ಮಣ್ಣಿನ ಪದರಗಳನ್ನು ಮತ್ತೆ ಪರಿಶೀಲಿಸಿ ಮೂಳೆಗಳು 60,000ದಿಂದ 1,00,000 ವರ್ಷ ಹಳೆಯವೆಂದು 2016ರಲ್ಲಿ ತಿದ್ದಲಾಯಿತು. ತಿದ್ದುಪಡಿಯನ್ನು ಕಂಡು ‘ಇವರಿಗೇ ಖಚಿತವಿಲ್ಲ’ ಎನ್ನುವುದು ತಪ್ಪು ಎಣಿಕೆ. ತಿದ್ದಿದವರಲ್ಲಿ ಆ ತಾಣದಲ್ಲಿ ಅಗೆಯುತ್ತಿದ್ದ ಸಂಶೋಧಕರೇ ಇದ್ದರು. ಸ್ವಂತ ಹೇಳಿಕೆಯ ಅತ್ಯಂತ ಆಕರ್ಷಕ ಭಾಗವನ್ನೇ ಬಿಟ್ಟುಕೊಡುವವರ ಮಾತಿಗೆ ನನ್ನ ಲೆಕ್ಕದಲ್ಲಿ ತೂಕ ಹೆಚ್ಚು.

ಎಲ್ಲವನ್ನೂ ವಿವರಿಸುವ ವಾದ

ಮನುಷ್ಯರ ಪೂರ್ವಜರು ಒಂದು ಕಾಲದಲ್ಲಿ ಅರೆ ಜಲಚರಗಳಾಗಿದ್ದರು ಎಂಬ ವಾದವನ್ನು ಸಮುದ್ರಜೀವಶಾಸ್ತ್ರಜ್ಞ ಅಲಿಸ್ಟರ್ ಹಾರ್ಡಿ 1960ರಲ್ಲಿ ಮಂಡಿಸಿದರು, ಎಲೇನ್ ಮಾರ್ಗನ್ 1972ರಿಂದ ಅದನ್ನು ಜನಪ್ರಿಯಗೊಳಿಸಿದರು. ರೋಮವಿಲ್ಲದ ಮೈ, ಚರ್ಮದಡಿಯ ಕೊಬ್ಬು, ಎರಡು ಕಾಲಿನ ನಡಿಗೆ, ಉಸಿರು ಹಿಡಿಯುವ ಶಕ್ತಿ ಎಲ್ಲಕ್ಕೂ ಒಂದೇ ಉತ್ತರ. ಈ ವಾದ ಮನಸ್ಸಿಗೆ ಹಿಡಿಸುವುದು ಈ ಕಾರಣಕ್ಕಾಗಿಯೇ, ದುರ್ಬಲವಾಗುವುದೂ ಇದೇ ಕಾರಣಕ್ಕೆ. ಆ ಜಲವಾಸದ ಕಾಲ ಯಾವುದು, ಜಾಗ ಯಾವುದು, ಯಾವ ಮೂಳೆ ಸಿಕ್ಕರೆ ವಾದ ಬಿದ್ದುಹೋಗುತ್ತದೆ ಎಂದು ಕೇಳಿದರೆ ಹಿಡಿತಕ್ಕೆ ಸಿಗುವ ಉತ್ತರವಿಲ್ಲ. ಬೇರೆಬೇರೆ ಬೆಂಬಲಿಗರು ಬೇರೆಬೇರೆ ಕಾಲ ಹೇಳುತ್ತಾರೆ. ನೀರಿನಲ್ಲಿ ಹೆಚ್ಚು ಕಾಲ ಕಳೆಯುವ ನೀರುನಾಯಿ, ತುಪ್ಪಳದ ಸೀಲ್‌ಗಳ ಮೈತುಂಬ ದಟ್ಟ ರೋಮವಿರುವುದು ವಾದಕ್ಕೆ ಅನುಕೂಲವಲ್ಲ. ಎರಡು ಕಾಲಿನ ನಡಿಗೆ ದೊಡ್ಡ ಮಿದುಳಿಗಿಂತ ಹಲವು ದಶಲಕ್ಷ ವರ್ಷ ಮುಂಚಿನದೆಂದು ಪಳೆಯುಳಿಕೆಗಳು ಹೇಳುವಾಗ, ಎಲ್ಲ ಲಕ್ಷಣಗಳನ್ನೂ ಒಂದೇ ಕೊಡೆಯಡಿ ಕೂರಿಸುವುದಕ್ಕೆ ಸಮರ್ಥನೆ ಬೇಕು.

ಇದರ ಬೆಂಬಲಿಗರು ಬಳಸುವ ಒಂದು ತರ್ಕವನ್ನು ಗುರುತಿಸಲು ಕಲಿಯಬೇಕು, ಏಕೆಂದರೆ ಅದು ಎಲ್ಲೆಡೆ ಎದುರಾಗುತ್ತದೆ. ಬಯಲು ಹುಲ್ಲುಗಾವಲಿಗೆ ಇಳಿದದ್ದರಿಂದಲೇ ಪೂರ್ವಜರು ನೆಟ್ಟಗಾದರು ಎಂಬ ಹಳೆಯ ವಿವರಣೆ ಕುಸಿದಿದೆ, ಆದ್ದರಿಂದ ನಮ್ಮದು ಸರಿ ಎಂಬುದು ಆ ತರ್ಕ. ಮೊದಲ ಅರ್ಧ ಬಹುಮಟ್ಟಿಗೆ ನಿಜ: 2009ರಲ್ಲಿ ವಿವರವಾಗಿ ಪ್ರಕಟವಾದ, 44 ಲಕ್ಷ ವರ್ಷ ಹಳೆಯ ಆರ್ಡಿಪಿಥೆಕಸ್ ಎಂಬ ಪುರಾತನ ಮಾನವಕುಲದ ಜೀವಿ ಕಾಡಿನ ವಾತಾವರಣದಲ್ಲಿ ಬದುಕಿದ್ದು, ಮರ ಹತ್ತುತ್ತಲೂ ಎರಡು ಕಾಲಿನಲ್ಲಿ ನಡೆಯುತ್ತಲೂ ಇತ್ತೆಂದು ಅದನ್ನು ಅಧ್ಯಯನ ಮಾಡಿದವರು ವಾದಿಸಿದ್ದಾರೆ. ಆದರೆ ಎದುರಾಳಿ ಸೋತದ್ದರಿಂದ ಮೂರನೆಯವರು ಗೆದ್ದಂತಾಗುವುದಿಲ್ಲ. ಆರ್ಡಿಪಿಥೆಕಸ್ ಕಾಡಿನದು, ಕಡಲಿನದಲ್ಲ. ದಕ್ಷಿಣ ಆಫ್ರಿಕಾದ ಪಿನಕಲ್ ಪಾಯಿಂಟ್‌ನಲ್ಲಿ 1,64,000 ವರ್ಷಗಳ ಹಿಂದೆಯೇ ಮನುಷ್ಯರು ಕಡಲಚಿಪ್ಪಿನ ಜೀವಿಗಳನ್ನು ತಿನ್ನುತ್ತಿದ್ದರೆಂಬುದು ಗಟ್ಟಿಯಾದ ಸಂಗತಿ, ಆದರೆ ಆಗ ಅವರ ದೇಹ ನಮ್ಮದರಂತೆಯೇ ಆಗಿಹೋಗಿತ್ತು. ಒಂದು ಕಾಲದ ಸಾಕ್ಷ್ಯವನ್ನು ಇನ್ನೊಂದು ಕಾಲದ ವಾದಕ್ಕೆ ಜೋಡಿಸುವುದನ್ನು ಕಂಡಾಗ ಅಲ್ಲಿ ನಿಂತು ವರ್ಷಗಳನ್ನು ಓದಿಕೊಳ್ಳಬೇಕು.

ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲದಾಗ

ಕೆಲವು ವಿವಾದಗಳಲ್ಲಿ ಆಯ್ಕೆಯ ಪ್ರಶ್ನೆಯೇ ತಪ್ಪಾಗಿರುತ್ತದೆ. ಆಧುನಿಕ ಮನುಷ್ಯರು ಆಫ್ರಿಕಾದಲ್ಲಿ ಹುಟ್ಟಿ ಹರಡಿದರೇ, ಅಥವಾ ಹಲವು ಖಂಡಗಳಲ್ಲಿ ಒಟ್ಟೊಟ್ಟಿಗೆ, ಪರಸ್ಪರ ಬೆರೆಯುತ್ತ ರೂಪುಗೊಂಡರೇ ಎಂಬ ಜಗಳ 1980ರ ದಶಕದಿಂದ ಬಿರುಸಾಗಿ ನಡೆಯಿತು. ಮಿಲ್‌ಫೋರ್ಡ್ ವೋಲ್‌ಪಾಫ್ ಮತ್ತು ಸಂಗಡಿಗರು 1984ರಲ್ಲಿ ಎರಡನೆಯದನ್ನು ಮಂಡಿಸಿದರು. 1987ರಲ್ಲಿ ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಆಲನ್ ವಿಲ್ಸನ್ 147 ಜನರ ಮೈಟೊಕಾಂಡ್ರಿಯ ಡಿಎನ್ಎಯನ್ನು, ಅಂದರೆ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್ಎಯನ್ನು ಹೋಲಿಸಿ, ತಾಯಂದಿರ ಕಡೆಯ ಸಮಾನ ಮೂಲ ಸುಮಾರು 2 ಲಕ್ಷ ವರ್ಷಗಳ ಹಿಂದಿನ ಆಫ್ರಿಕಾದಲ್ಲಿದೆ ಎಂದರು. ಮುಂದಿನ ಎರಡು ದಶಕ ಆಫ್ರಿಕಾ ಮೂಲದ ವಾದವೇ ಮೇಲುಗೈ ಪಡೆಯಿತು, ಅದರ ಕಟ್ಟಾ ರೂಪ ಬೆರಕೆಯನ್ನೇ ಅಲ್ಲಗಳೆಯಿತು. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ, ಅಳಿದುಹೋದ ಮಾನವ ಗುಂಪಾದ ನಿಯಾಂಡರ್ತಾಲರ ಜೀನೋಮನ್ನು (ಪೂರ್ತಿ ಡಿಎನ್ಎಯನ್ನು) ಓದಿದಾಗ ಆಫ್ರಿಕಾದ ಹೊರಗಿನ ಜನರ ಡಿಎನ್ಎಯಲ್ಲಿ ನಿಯಾಂಡರ್ತಾಲರ ಪಾಲು ಕಂಡಿತು. ಇಂದಿನ ಅಂದಾಜಿನಂತೆ ಅದು ಸುಮಾರು ಶೇಕಡಾ 2. ಅದೇ ವರ್ಷ ಸೈಬೀರಿಯದ ಡೆನಿಸೋವಾ ಗವಿಯ ಒಂದು ಬೆರಳಿನ ಮೂಳೆಯ ತುಣುಕಿನಿಂದ ಮತ್ತೊಂದು ಮಾನವ ಗುಂಪು ಬೆಳಕಿಗೆ ಬಂತು.

ಹಾಗಾದರೆ ಗೆದ್ದವರಾರು? ನಮ್ಮ ವಂಶದ ಬಹುಪಾಲು ಈಚಿನ ಆಫ್ರಿಕಾದಿಂದ ಬಂದದ್ದು, ಬೆರಕೆಯೂ ನಡೆದಿತ್ತು. ಮೊರಾಕ್ಕೊದ ಜೆಬೆಲ್ ಇರ್‌ಹೂದ್‌ನ ಸುಮಾರು 3 ಲಕ್ಷ ವರ್ಷ ಹಳೆಯ ಪಳೆಯುಳಿಕೆಗಳ ವರದಿ 2017ರಲ್ಲಿ ಬಂದ ಮೇಲೆ, ಆಫ್ರಿಕಾದೊಳಗೂ ಒಂದೇ ತೊಟ್ಟಿಲನ್ನು ಹುಡುಕುವುದು ಸರಿಯೇ ಎಂಬ ಪ್ರಶ್ನೆ ಎದ್ದಿದೆ. ಇಲ್ಲಿ ‘ಯಾವುದು’ ಎನ್ನುವ ಬದಲು ‘ಎಷ್ಟು ಪಾಲು’ ಎಂದು ಕೇಳಿದವರು ಮೊದಲೇ ಸತ್ಯದ ಹತ್ತಿರವಿದ್ದರು. ವಿಜ್ಞಾನಿಗಳು ಹೊಸ ವಿಚಾರಗಳನ್ನು ಅಡಗಿಸುತ್ತಾರೆ ಎಂಬ ದೂರಿಗೂ ಈ ಪ್ರಸಂಗ ಉತ್ತರವಾಗುತ್ತದೆ: ಅಲ್ಪಸಂಖ್ಯಾತರ ಮಾತಾಗಿದ್ದ ಬೆರಕೆಯ ವಾದವು ಗಟ್ಟಿ ಸಾಕ್ಷ್ಯ ಸಿಕ್ಕ ಕೆಲವೇ ವರ್ಷಗಳಲ್ಲಿ ಪಠ್ಯವಾಯಿತು, ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅನ್ಯಗ್ರಹದವರು ಮನುಷ್ಯರನ್ನು ರೂಪಿಸಿದರು, ಹಂದಿ ಮತ್ತು ಚಿಂಪಾಂಜಿಯ ಬೆರಕೆಯಿಂದ ಮನುಷ್ಯ ಹುಟ್ಟಿದ ಎಂಬಂಥ ಮಾತುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಹೋಲಿಕೆಗಾಗಿ ಒಂದನ್ನು ಮಾತ್ರ ನೋಡಬಹುದು. ಚಿಂಪಾಂಜಿಗೆ 48 ಕ್ರೋಮೋಸೋಮ್‌ಗಳಿದ್ದು ನಮಗೆ 46 ಇರುವುದರಿಂದ, ಇಬ್ಬರಿಗೂ ಸಮಾನ ಪೂರ್ವಜರಿದ್ದರೆ ನಮ್ಮಲ್ಲಿ ಎಲ್ಲೋ ಎರಡು ಕೂಡಿಕೊಂಡಿರಬೇಕು, ಕೂಡಿದ ಜಾಗದಲ್ಲಿ ಕ್ರೋಮೋಸೋಮಿನ ತುದಿಯ ಗುರುತು ಮಧ್ಯದಲ್ಲಿ ಉಳಿದಿರಬೇಕು. 1991ರಲ್ಲಿ ನಮ್ಮ ಎರಡನೆಯ ಕ್ರೋಮೋಸೋಮಿನಲ್ಲಿ ಆ ಗುರುತು ಸಿಕ್ಕಿತು. ಸಿಗದೇ ಹೋಗಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಅನ್ಯಗ್ರಹದವರ ಕಥೆ ಇಂಥ ಒಂದು ಪಂದ್ಯಕ್ಕೂ ಇಳಿದಿಲ್ಲ.

ಒಂದೇ ತಂಡದ ಎರಡು ಹೇಳಿಕೆಗಳು

ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗವಿಯಿಂದ ಲೀ ಬರ್ಗರ್ ಅವರ ತಂಡ 2015ರಲ್ಲಿ ಹೋಮೋ ನಲೇಡಿಯನ್ನು ವರ್ಣಿಸಿದಾಗ ಅವರ ಮುಂದೆ ಕನಿಷ್ಠ 15 ಜನರ 1,500ಕ್ಕೂ ಹೆಚ್ಚು ಮೂಳೆಗಳಿದ್ದವು. ಮೂಳೆಗಳ ಮೂರು ಆಯಾಮದ ಪ್ರತಿಗಳನ್ನು ಯಾರು ಬೇಕಾದರೂ ಪಡೆಯುವಂತೆ ತೆರೆದಿಟ್ಟರು. ವಯಸ್ಸು ತಿಳಿದಿಲ್ಲವೆಂದು ನೇರವಾಗಿ ಹೇಳಿ, 2017ರಲ್ಲಿ 2,36,000ದಿಂದ 3,35,000 ವರ್ಷವೆಂದು ಪ್ರಕಟಿಸಿದರು. ಈ ಪ್ರಭೇದವನ್ನು ಒಪ್ಪಲು ನನಗೆ ಅಳುಕಿಲ್ಲ. ಅದೇ ತಂಡ 2023ರಲ್ಲಿ, ಚಿಕ್ಕ ಮಿದುಳಿನ ಈ ನಲೇಡಿಗಳು ಸತ್ತವರನ್ನು ಉದ್ದೇಶಪೂರ್ವಕವಾಗಿ ಹೂಳುತ್ತಿದ್ದರು ಎಂದಿತು. ಪ್ರಬಂಧವನ್ನು ಪರಿಶೀಲಿಸಿದ ತಜ್ಞರು ಸಾಕ್ಷ್ಯ ಸಾಲದೆಂದು ಬರೆದರು. ಆದರೆ ಸುದ್ದಿ ಅಷ್ಟರಲ್ಲಿ ಜಗತ್ತು ಸುತ್ತಿಯಾಗಿತ್ತು, ಕೆಲವೇ ವಾರಗಳಲ್ಲಿ ಸಾಕ್ಷ್ಯಚಿತ್ರವೂ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರ ಓದುಗರಿಗೆ ಬೇಡ. ಅಗೆದ ಗುಂಡಿಯ ಅಂಚು ಮಣ್ಣಿನಲ್ಲಿ ಬೇರೆಯಾಗಿ ಕಾಣುತ್ತದೆಯೇ, ನೀರಿನ ಹರಿವು ಅಥವಾ ಮಣ್ಣಿನ ಕುಸಿತ ದೇಹಗಳನ್ನು ಅಲ್ಲಿ ಸೇರಿಸಿರಲಾರದೇ ಎಂಬ ಪ್ರಶ್ನೆಗಳ ಮೇಲೆ ಈ ವಾದ ನಿಂತಿದೆ. ತಂಡವು ಆಮೇಲೆ ಹೆಚ್ಚಿನ ವಿವರಗಳೊಡನೆ ಪರಿಷ್ಕೃತ ಪ್ರಬಂಧ ಕೊಟ್ಟಿದೆ. ಪ್ರಭೇದಕ್ಕೆ ಕೊಟ್ಟ ನಂಬಿಕೆಯನ್ನು ಹೂಳುವಿಕೆಗೆ ಸಾಲವಾಗಿ ಕೊಡದೆ, ಅದನ್ನು ಬೇರೆಯಾಗಿಯೇ ತೂಗಬೇಕು.

ಹೀಗೆ ತೂಗುವಾಗ ತಕ್ಕಡಿ ಯಾವ ಕಡೆಗೂ ವಾಲದೆ ನಿಲ್ಲುವುದೂ ಉಂಟು. ಚಾಡ್ ದೇಶದ ಮರುಭೂಮಿಯಲ್ಲಿ 2001ರಲ್ಲಿ ಸಿಕ್ಕ, ಸುಮಾರು 70 ಲಕ್ಷ ವರ್ಷ ಹಳೆಯ ಸಹೆಲಾಂತ್ರೊಪಸ್ ಎಂಬ ಜೀವಿಯ ಬುರುಡೆಯನ್ನು ನೋಡಿ ಅದು ಎರಡು ಕಾಲಿನಲ್ಲಿ ನಡೆಯುತ್ತಿತ್ತೆಂದು ವಾದಿಸಲಾಯಿತು. ಅದೇ ತಾಣದ ತೊಡೆಮೂಳೆಯ ಬಗ್ಗೆ ಮಾತ್ರ ಬಹುಕಾಲ ಏನೂ ಪ್ರಕಟವಾಗಲಿಲ್ಲ. 2020ರಲ್ಲಿ ಒಂದು ತಂಡ ಆ ಮೂಳೆ ನೆಟ್ಟಗೆ ನಡೆಯುವ ಜೀವಿಯದಲ್ಲವೆಂದಿತು, 2022ರಲ್ಲಿ ಇನ್ನೊಂದು ತಂಡ ಹೌದೆಂದಿತು. ಮೂಳೆಯ ಎರಡು ತುದಿಗಳೂ ಸವೆದುಹೋಗಿವೆ. ನಡಿಗೆಯನ್ನು ಹೇಳುವ ಮುಖ್ಯ ಗುರುತುಗಳು ಇರುವುದೇ ಅಲ್ಲಿ. ಈ ವಾದದಲ್ಲಿ ನಾನು ಸದ್ಯಕ್ಕೆ ಯಾವ ಕಡೆಗೂ ಸೇರಿಲ್ಲ. ಅದೇ ಪದರದಿಂದ ಒಂದು ಸೊಂಟದ ಮೂಳೆಯೋ ತುದಿ ಉಳಿದ ತೊಡೆಮೂಳೆಯೋ ಬಂದ ದಿನ, ಮೊದಲು ಆ ಮೂಳೆಯ ಚಿತ್ರವನ್ನು ನೋಡಿ, ಆಮೇಲೆ ಇಬ್ಬರ ಮಾತನ್ನೂ ಮತ್ತೊಮ್ಮೆ ಓದುತ್ತೇನೆ.